ಬೊಂತೆಗೆ ಎಕ್ಸೆಲ್ ಶೀಟ್ ಹಾಕಿದ್ದು

ನಮ್ಮಜ್ಜಿ ಅದನ್ನ ಬೊಂತೆ ಅಂತಾಳೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಧಾರವಾಡದ ಹುಡುಗಿ ಕೌದಿ ಅಂತಾಳೆ. ಅದೇ ವಸ್ತು ಇನ್‌ಸ್ಟಾಗ್ರಾಂನಲ್ಲಿ 'ಹ್ಯಾಂಡ್‌ಮೇಡ್ ಕ್ವಿಲ್ಟ್' ಅಂತ ಕಂಡಾಗ, ಬೆಲೆ ನೋಡಿ ಇಬ್ಬರೂ ಜೋರಾಗಿ ನಕ್ಕೆವು. ಆಮೇಲೆ ನನಗೊಂಥರಾ ಕಸಿವಿಸಿ ಆಯ್ತು.

ನಾನು ಇಂಜಿನಿಯರಿಂಗ್ ಹಾಸ್ಟೆಲ್‌ಗೆ ಹೊರಟಾಗ ಅಜ್ಜಿ ಒಂದು ಬೊಂತೆ ಹೊಲಿದು ಕೊಟ್ಟಿದ್ದಳು. ಮಧ್ಯಾಹ್ನ ಊಟ ಆದ್ಮೇಲೆ ನಡುಮನೆ ಬಾಗಿಲಲ್ಲಿ ಕೂತು, ದಿನಕ್ಕಿಷ್ಟು ಅಂತ. ರೂಮಿನಲ್ಲಿ ಉಳಿದವರದ್ದೆಲ್ಲ ದೊಡ್ಡ ಹೂವಿನ ಮೆತ್ತನೆ ಬ್ಲಾಂಕೆಟ್. ಒಬ್ಬಳು ನನ್ನದನ್ನ ನೋಡಿ, 'ಇದೇನೇ, ಕಾಲೊರೆಸೋ ಮ್ಯಾಟಾ?' ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದೇ ತಪ್ಪು. ಅವತ್ತೇ ಅದು ಮಂಚದ ಕೆಳಗೆ ಹೋಯ್ತು. ಕೊನೆ ವರ್ಷ ರೂಮು ಖಾಲಿ ಮಾಡುವಾಗ ಬೇಕೂಂತಲೇ ಅಲ್ಲೇ ಬಿಟ್ಟು ಬಂದೆ. ಅಜ್ಜಿ ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ಎರಡು ವರ್ಷದಿಂದ ಅಜ್ಜಿಗೆ ಕಣ್ಣು ಕಾಣೋದು ತೀರಾ ಕಮ್ಮಿ. ಬೆಳಕು, ನೆರಳು, ಅಷ್ಟೇ. ಈ ಸಲ ಯುಗಾದಿಗೆ ಸತ್ಯಮಂಗಲದ ಮನೆಗೆ ಹೋದಾಗ ಅಮ್ಮ ಅಟ್ಟದ ಪೆಟ್ಟಿಗೆ ಇಳಿಸಿ, ಹಳೇ ಬಟ್ಟೆಯನ್ನೆಲ್ಲ ಪಾತ್ರೆ ಮಾರೋಳಿಗೆ ಕೊಡೋಕೆ ಗಂಟು ಕಟ್ಟಿದ್ದಳು. ಒಂದು ಸ್ಟೀಲ್ ಡಬರಿಗೆ ಅಜ್ಜಿಯ ಇಪ್ಪತ್ತು ವರ್ಷದ ಸೀರೆ! 'ಬೇಡ, ಇರಲಿ' ಅಂತ ಗಂಟನ್ನು ಬೆಂಗಳೂರಿಗೆ ಹೊತ್ಕೊಂಡು ಬಂದೆ.

ಹೊದೆಯೋ ಅಷ್ಟು ದೊಡ್ಡದು ನನ್ನ ಕೈಲಿ ಆಗಲ್ಲ. 24 ಇಂಚು ಅಗಲ, 30 ಇಂಚು ಉದ್ದ. ಅದರೊಳಗೆ ನನ್ನ ಬಾಲ್ಯದ ಸತ್ಯಮಂಗಲ ಇರಬೇಕು: ಅಮ್ಮನ ಹಸಿರು ರವಿಕೆಯಲ್ಲಿ ದೇವರಾಯನದುರ್ಗ, ಅಪ್ಪ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಗೆ ಹಾಕ್ಕೊಂಡು ಹೋಗ್ತಿದ್ದ ಖಾಕಿ ಪ್ಯಾಂಟಿನಲ್ಲಿ ಫ್ಯಾಕ್ಟರಿ ಗೋಡೆ, ರಾತ್ರಿ ರೈಲಿನ ಹಳದಿ ಕಿಟಕಿಗಳು, ಗೂಳೂರು ಗಣಪತಿ ಬಿಡೋ ದಿನದ ಪಟಾಕಿಗೆ ಅಜ್ಜಿಯ ಕೆಂಪು ಸೀರೆಯ ಅಂಚು.

ಅಭ್ಯಾಸಬಲ, ಮೊದಲು ಎಕ್ಸೆಲ್ ತೆರೆದೆ. ಮೂರಿಂಚಿನ ಚೌಕ, ಅಡ್ಡಕ್ಕೆ 8, ಉದ್ದಕ್ಕೆ 10, ಒಟ್ಟು 80 ತುಂಡು. ಒಂದೊಂದು ಸೆಲ್‌ಗೂ ಬಣ್ಣ ತುಂಬಿ, ಅಳತೆ ಪ್ರಕಾರ ಕತ್ತರಿಸಿದೆ. ಜೋಡಿಸಿ ಹೊಲಿದ ಮೇಲೆ ಅಳೆದರೆ 20 ಇಂಚು, 25 ಇಂಚು! ಅಂಚು ಮಡಚೋಕೆ ಪ್ರತಿ ಕಡೆ ಕಾಲಿಂಚು ಬೇಕು ಅನ್ನೋದು ಶೀಟ್‌ನಲ್ಲಿ ಎಲ್ಲೂ ಇರಲಿಲ್ಲ. ರೈಲಿನ ಕಿಟಕಿಗಳು ಸಾಲು ತಪ್ಪಿದ್ದವು, ಬೆಟ್ಟಕ್ಕೆ ತುದಿಯೇ ಇಲ್ಲ. ಜೊತೆಗೆ ನನ್ನ ಒಂದು ಹಳೇ ಪಾಲಿಸ್ಟರ್ ಚೂಡಿದಾರ್ ತುಂಡು ಸೇರಿಸಿದ್ದೆ. ಅದು ಜಾರುತ್ತೆ, ಸುಕ್ಕು ಬೀಳುತ್ತೆ. ಅಜ್ಜಿ ಬೊಂತೆಗೆ ತೊಳೆದು ತೊಳೆದು ಸವೆದ ಹತ್ತಿ ಬಟ್ಟೆಯನ್ನೇ ಯಾಕೆ ಆರಿಸ್ತಿದ್ದಳು ಅಂತ ಆಗ ಗೊತ್ತಾಯ್ತು. ಅದರಲ್ಲಿ ಸೂಜಿ ಸಲೀಸಾಗಿ ಇಳಿಯುತ್ತೆ, ಇನ್ನು ಕುಗ್ಗೋಕೆ ಅದರಲ್ಲೇನೂ ಉಳಿದಿರಲ್ಲ.

ಎಲ್ಲಾ ಬಿಚ್ಚಿದೆ. ಆಮೇಲೆ ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೌದಿ ಹೊಲಿಯೋ ವಿಡಿಯೋ ನೋಡಿದೆ. ಆಫ್ರಿಕಾದಿಂದ ಬಂದ ಪೂರ್ವಜರ ಮಕ್ಕಳು ಇವರು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಇದ್ದಾರೆ. ಅವರು ಚೌಕ ಗಿವುಕ ಅಂತ ಲೆಕ್ಕ ಹಾಕಲ್ಲ. ಅಡಿಗೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ತುಂಡಿನ ಮೇಲೆ ತುಂಡು ಇಡುತ್ತಾ ಅಂಚಿನ ಗುಂಟ ಸುತ್ತು ಬಂದು ನಡುವಿಗೆ ಮುಟ್ಟುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂವು. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಒಂದು ಊರಿದೆ. ಅಲ್ಲಿನ ಕಪ್ಪು ಹೆಂಗಸರು ಗದ್ದೆ ಕೆಲಸದ ಹಳೇ ಪ್ಯಾಂಟುಗಳಲ್ಲೂ ಹೊಲಿದ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಏರಿದವು. ಹಾಸ್ಟೆಲ್ ಮಂಚದ ಕೆಳಗಿನದು ನೆನಪಾಗಿ ಲ್ಯಾಪ್‌ಟಾಪ್ ಮುಚ್ಚಿದೆ.

ಎರಡನೇ ಸಲ ಅಂಚಿನಿಂದಲೇ ಶುರು ಮಾಡಿದೆ. ಶನಿವಾರ ಊರಿಗೆ ಹೋಗುವ ರೈಲಿನಲ್ಲೂ ಹೊಲಿದೆ. ಎದುರು ಕೂತಿದ್ದ ಹೆಂಗಸೊಬ್ಬರು ಸುಮಾರು ಹೊತ್ತು ನೋಡಿ, 'ದಾರಕ್ಕೆ ಮೇಣದಬತ್ತಿ ಉಜ್ಜಿ, ಗಂಟು ಬೀಳಲ್ಲ' ಅಂದರು. ನಿಜ, ಬೀಳಲಿಲ್ಲ. ಬೆಟ್ಟ ಬೆಟ್ಟದ ಥರ ಕಾಣಲಿಲ್ಲ, ಇರಲಿ, ಹಸಿರಾಗಿದೆ.

ಮುಗಿಸಿದ್ದನ್ನ ಅಜ್ಜಿಯ ತೊಡೆ ಮೇಲೆ ಇಟ್ಟೆ. ಅವಳು ಅಂಗೈ ಆಡಿಸಿದಳು.

'ಹೊಲಿಗೆ ಉದ್ದುದ್ದ ಬಂದೈತೆ ಕಣೇ. ಕಾಲ್ಬೆರಳು ಸಿಕ್ಕಾಕ್ಕಂತದೆ.'

ಕೈ ಖಾಕಿ ಬಟ್ಟೆ ಮೇಲೆ ನಿಂತಿತು. 'ಇದು ನಿಮ್ಮಪ್ಪನ ಪ್ಯಾಂಟು. ನಿನ್ ಹಾಸ್ಟ್ಲಿನ ಬೊಂತೆಗೂ ಇದೇ ಹಾಕಿದ್ದೆ. ಅದು ಇನ್ನೂ ಐತಾ?'

ಎಂಟು ವರ್ಷಕ್ಕೆ ಮೊದಲ ಸಲ ಕೇಳಿದ್ದು.

'ಇಲ್ಲ ಅಜ್ಜಿ. ಅಲ್ಲೇ ಬಿಟ್ಟು ಬಂದೆ.'

'ಹರಿದೋಗಿತ್ತಾ?'

ಹೂಂ ಅಂದಿದ್ದರೆ ಮುಗೀತಿತ್ತು. 'ಇಲ್ಲ, ಚೆನ್ನಾಗಿತ್ತು. ನಂಗೇ ನಾಚಿಕೆ ಆಗ್ತಿತ್ತು' ಅಂದೆ.

ಅಜ್ಜಿ ಏನೂ ಹೇಳಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ಮಿಕ್ಸಿ ಹಾಕಿ, ನಿಲ್ಲಿಸಿ, ಮತ್ತೆ ಹಾಕಿದಳು. ಅಜ್ಜಿಯ ಬೆರಳು ಅಂಚು ಹಿಡಿದು ಮೂಲೆಗೆ ಹೋಯ್ತು. ಅಲ್ಲಿ ಸಿದ್ದಿಗಳ ಥರ ನಾನೂ ಒಂದು ಹೂವು ಮಡಚಿ ಇಟ್ಟಿದ್ದೆ.

'ಇದೇನಿದು?'

'ಹೂವು.'

'ಸಡ್ಲ ಐತೆ. ಬಿಚ್ಚು. ಕತ್ತರಿ ಆ ಬಿಸ್ಕೆಟ್ ಡಬ್ಬದಾಗೆ ಐತೆ, ತಗಂಬಾ.'