ಮುಚ್ಚಿಟ್ಟ ಕೆಮ್ಮು

ಕೆಮ್ಮು ಶುರುವಾಗಿದ್ದು ಮಂಕರ್ಮಾದಲ್ಲಿ. ಲಡಾಖಿನ ಸ್ಟೋಕ್ ಕಾಂಗ್ರಿ ಹತ್ತುವವರು ಬೇಸ್ ಕ್ಯಾಂಪಿಗೆ ಮುಂಚೆ ತಂಗುವ ಜಾಗ ಅದು. ಸಂಜೆ ಗೈಡ್ ಒಬ್ಬೊಬ್ಬರ ಬೆರಳಿಗೂ ಆಕ್ಸಿಮೀಟರ್ ಸಿಕ್ಕಿಸಿ, ತಲೆನೋವಿದೆಯಾ, ಕೆಮ್ಮಿದೆಯಾ ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ನಾನು ಇಲ್ಲ ಎಂದೆ. ಪಕ್ಕದಲ್ಲಿದ್ದ ಭಾಮೈದ ನನ್ನ ಮುಖ ನೋಡಿದ. ಮಧ್ಯಾಹ್ನದಿಂದ ನಾನು ಕೆಮ್ಮುತ್ತಿದ್ದದ್ದು ಅವನಿಗೆ ಗೊತ್ತಿತ್ತು.

ಅದು 2018ರ ಆಗಸ್ಟ್. ನಾನು ನಂಜನಗೂಡಿನ ಹದಿನಾರು ಕಾಲು ಮಂಟಪದ ಬಳಿ ಈಜು ಕಲಿತವನು, ಅವನು ಟಿ. ನರಸೀಪುರದ ಸಂಗಮದಲ್ಲಿ. ನೀರಲ್ಲಿ ಮುಳುಗಿ ಉಸಿರು ಹಿಡಿಯುವುದರಲ್ಲಿ ಇಬ್ಬರಿಗೂ ಪೈಪೋಟಿ. ಆರು ತಿಂಗಳು ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದಿದ್ದೆವು. ಕಾಲಿಗೇನೋ ಬಲ ಬಂತು. ಆದರೆ ಸ್ಟೋಕ್ ಕಾಂಗ್ರಿ 6,153 ಮೀಟರ್. ವಿಮಾನ ಇಳಿಯುವ ಲೇಹ್ ಊರೇ 3,500. 5,500 ಮೀಟರಿನ ಆಸುಪಾಸಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧ. ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ಆದರೂ ಸುಳ್ಳು ಹೇಳಿದೆ. ಹೊರಡುವ ದಿನ ಬೀದಿಯವರೆಲ್ಲ ಬಂದು ನಿಂತಿದ್ದರು, ಅಮ್ಮ ಶ್ರೀಕಂಠೇಶ್ವರನ ವಿಭೂತಿ ಕಟ್ಟಿಕೊಟ್ಟಿದ್ದರು. ಅರ್ಧ ದಾರಿಯಿಂದ ವಾಪಸ್ ಬಂದ ಅನ್ನಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಬೇಸ್ ಕ್ಯಾಂಪಿನ ಎರಡನೇ ರಾತ್ರಿ ಶಿಖರಕ್ಕೆ ಹೊರಡಬೇಕು. ಅದಕ್ಕೆ ಮುಂಚೆ ನಿದ್ದೆ ಮಾಡಿ ಎಂದರು. ಅಂಗಾತ ಮಲಗಿದರೆ ಎದೆಯೊಳಗೆ ಸದ್ದು. ನೀರು ಬಿಡುವ ಮುಂಚೆ ಬೀದಿ ನಲ್ಲಿ ಗೊರಗೊರ ಅನ್ನುತ್ತದಲ್ಲ, ಅದೇ ಸದ್ದು. ಎದ್ದು ಕೂತು ಕೆಮ್ಮಿ ಬಿಳಿ ಟವೆಲಿಗೆ ಉಗಿದೆ. ಭಾಮೈದ ಟಾರ್ಚ್ ಹಾಕಿ ನೋಡಿದ. ಗುಲಾಬಿ ಬಣ್ಣದ ನೊರೆ.

"ಸಾಕು ಭಾವ. ಇನ್ನು ನಾನು ಸುಮ್ನಿರಲ್ಲ" ಎಂದವನೇ ಗೈಡನ್ನು ಕರೆತಂದ.

ಗೈಡ್ ಬೈಯಲಿಲ್ಲ. ಆಕ್ಸಿಮೀಟರ್ 54 ತೋರಿಸಿತು. ಹಗ್ಗವನ್ನು ನೆಲದ ಮೇಲೆ ನೇರ ಹಾಸಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಅದರ ಮೇಲೆ ನಡೆಯಿರಿ ಎಂದ. ಮೂರನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದೆ. ಶ್ವಾಸಕೋಶಕ್ಕೆ ನೀರು ಸೇರಿದೆ, ಬೆಳಕು ಹರಿಯುವ ತನಕ ಕಾಯುವ ಹಾಗಿಲ್ಲ, ಈಗಲೇ ಇಳಿಯಬೇಕು ಎಂದ. ನಿಫೆಡಿಪಿನ್ ಮಾತ್ರೆ ನುಂಗಿಸಿ ಆಕ್ಸಿಜನ್ ಮಾಸ್ಕ್ ಕಟ್ಟಿದ. ಉಳಿದವರು ಇನ್ನೊಬ್ಬ ಗೈಡಿನ ಹಿಂದೆ ಶಿಖರಕ್ಕೆ ಹೊರಟರು. ಅವರ ಹಣೆಯ ದೀಪಗಳು ಸಾಲಾಗಿ ಮೇಲೇರುತ್ತಿದ್ದವು. ಭಾಮೈದ ಹಿಮದ ಮೇಲೆ ನಡೆಯಲು ಬೂಟಿಗೆ ಕಟ್ಟುವ ತನ್ನ ಕ್ರಾಂಪಾನುಗಳನ್ನು ಡೇರೆಯಲ್ಲೇ ಬಿಟ್ಟು ನನ್ನ ಕಂಕುಳಿಗೆ ಕೈ ಕೊಟ್ಟ.

ಹತ್ತು ಹೆಜ್ಜೆ, ಆಮೇಲೆ ನಿಲ್ಲುವುದು. ಮತ್ತೆ ಹತ್ತು. ಹಳ್ಳ ಬಂದಲ್ಲೆಲ್ಲ ಅಡುಗೆಯವನ ಸಹಾಯಕ ನನ್ನನ್ನು ಬೆನ್ನ ಮೇಲೆ ಹೊತ್ತು ದಾಟಿಸಿದ. ಇಪ್ಪತ್ತು ದಾಟಿರದ ಹುಡುಗ. ನಾನು 74 ಕಿಲೊ. ಅವನ ಏದುಸಿರು ನನ್ನ ಕೆನ್ನೆಯ ಹತ್ತಿರವೇ ಕೇಳುತ್ತಿತ್ತು, ಅವನ ಉಸಿರನ್ನೂ ನಾನೇ ಕಿತ್ತುಕೊಂಡ ಹಾಗನಿಸಿತು. ಬೆಳಗಾದ ಮೇಲೆ ಕುದುರೆ ಸಿಕ್ಕಿತು. ಸ್ಟೋಕ್ ಹಳ್ಳಿಯ ಬಾರ್ಲಿ ಹೊಲ ಕಾಣುವ ಹೊತ್ತಿಗೆ ನಡುವೆ ನಿಲ್ಲದೆ ಒಂದು ಮಾತು ಪೂರ್ತಿ ಆಡಲು ಆಯಿತು. ಲೇಹ್‌ನ ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಊರು ಸೇರಿದೆ.

ಭಾಮೈದನನ್ನು ಮತ್ತೆ ಕಳಿಸಬೇಕೆಂದು ದುಡ್ಡು ಕೂಡಿಡುತ್ತಿದ್ದೆ. 2020ರಲ್ಲಿ ಆ ಪರ್ವತ ಹತ್ತುವುದನ್ನೇ ನಿಲ್ಲಿಸಿದರು. ಅಲ್ಲಿನ ಹಿಮ ಕರಗಿದ ನೀರೇ ಸ್ಟೋಕ್ ಹಳ್ಳಿಗೆ ಆಸರೆ, ಹತ್ತಲು ಬಂದವರು ಅದನ್ನು ಕೊಳೆ ಮಾಡಿದ್ದರು. ನಿಲ್ಲಿಸಿದ್ದು ಸರಿಯೇ. ಅವನು ಮಾತ್ರ ಆ ತುದಿ ಕಾಣಲಿಲ್ಲ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದವರಲ್ಲಿ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಆ ರಾತ್ರಿ ಅವನು ಫೋನ್ ಮಾಡಿದ. ಇಬ್ಬರಿಗೂ ಮಾತು ಹೊರಡಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ನರಸೀಪುರದ ಕುಂಭಮೇಳ. ಸಂಗಮದಲ್ಲಿ ಮುಳುಗಿ ಎದ್ದ ಮೇಲೆ, "ನನ್ನಿಂದ ನಿನಗೆ ತಪ್ಪಿಹೋಯ್ತಲ್ಲೋ" ಎಂದೆ. ಅವನು ಪಂಚೆ ಹಿಂಡುತ್ತಿದ್ದವನು ತಲೆ ಎತ್ತಲಿಲ್ಲ.

"ಅವತ್ತು ನೀವು ಕೆಮ್ಮಿಲ್ಲ ಅಂದ್ರಲ್ಲ ಭಾವ, ಆಗ್ಲೇ ನಾನು ಬಾಯಿ ಬಿಡ್ಬೇಕಿತ್ತು. ಶಿಖರದ ಆಸೆಗೆ ನಾನೂ ಸುಮ್ನಾದೆ" ಎಂದ.