ಮಾತು ಬಿಟ್ಟ ಗಣಕಯಂತ್ರ

ಜೂನ್ 19ರಂದು ಪಿ. ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಕೇರಳದ ಶಾಲೆಗಳೆಲ್ಲ ವಾಚನಾ ದಿನವನ್ನು ಆಚರಿಸುವುದು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಈ ಬಾರಿ ಅದರ ಮುನ್ನಾದಿನ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಬಂದು ನಮ್ಮ ಮೇಜಿನ ಮೇಲೆ ಒಂದು ಪೆನ್‌ಡ್ರೈವನ್ನಿಟ್ಟಳು. ತೀರಿಕೊಂಡ ಅವಳ ಅಜ್ಜ ತಾಳಮದ್ದಳೆಯಲ್ಲಿ ಹೇಳಿದ ಅರ್ಥ, ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ್ದು, ಅದರಲ್ಲಿತ್ತು. "ನಾಳೆ ಅಮ್ಮನೂ ಬರುತ್ತಾರೆ ಸಾರ್. ದೊಡ್ಡ ಸ್ಪೀಕರಿನಲ್ಲಿ ಕೇಳಬೇಕಂತೆ" ಎಂದಳು.

ದೊಡ್ಡ ಸ್ಪೀಕರುಗಳಿರುವುದು ಗಣಕಯಂತ್ರದ ಕೋಣೆಯ ಒಂದೇ ಯಂತ್ರಕ್ಕೆ. ಸಂಜೆ ಹೋಗಿ ಅದನ್ನು ಹಚ್ಚಿ ನೋಡಿದರೆ ಚಿತ್ರ ಬರುತ್ತದೆ, ಸದ್ದಿಲ್ಲ. ಧ್ವನಿಯ ಪುಟದಲ್ಲಿ 'ಡಮ್ಮಿ ಔಟ್‌ಪುಟ್' ಎಂದಿತ್ತು. ಎಂದರೆ ಸದ್ದು ಹೊರಡಿಸುವ ಅಂಗವೇ ತನಗಿಲ್ಲವೆಂದು ಯಂತ್ರ ತಿಳಿದಿದೆ. ತಂತಿಯನ್ನು ಕಿತ್ತು ಮತ್ತೆ ಚುಚ್ಚಿದೆವು. ಕನ್ನಡ ಕಲಿಸುವವರ ವಿದ್ಯೆ ಅಲ್ಲಿಗೆ ಮುಗಿಯಿತು.

ಲಿಟಲ್ ಕೈಟ್ಸ್ ಸಂಘದ ಹತ್ತನೆಯ ತರಗತಿಯ ಹುಡುಗನೊಬ್ಬ ಇನ್ನೂ ಬಸ್ಸಿಗೆ ಹೊರಟಿರಲಿಲ್ಲ. ಅವನನ್ನು ಕೂಡಿಸಿಕೊಂಡೆವು. ನಮ್ಮ ಶಾಲೆಯ ಯಂತ್ರಗಳಲ್ಲಿರುವುದು ಲಿನಕ್ಸ್. 2001ರಲ್ಲಿ ಆರಂಭವಾಗಿ 2017ರಲ್ಲಿ ಕೈಟ್ ಎಂಬ ಹೆಸರು ಪಡೆದ ಯೋಜನೆಯ ಮೂಲಕ ಬಂದದ್ದು. ಲಿನಕ್ಸಿನಲ್ಲಿ ಸದ್ದಿನ ಕೆಲಸವನ್ನು ನೋಡಿಕೊಳ್ಳುವ ಭಾಗಕ್ಕೆ ಅಲ್ಸಾ ಎಂದು ಹೆಸರು. ಹುಡುಗ ಕಪ್ಪು ಪರದೆಯನ್ನು ತೆರೆದು ಒಂದು ಆಜ್ಞೆ ಕೊಟ್ಟ. ಸೌಂಡ್ ಕಾರ್ಡು ಸಿಗಲಿಲ್ಲವೆಂದು ಉತ್ತರ ಬಂತು. ಚಾಲಕ ತಂತ್ರಾಂಶ ಕೆಟ್ಟಿರಬೇಕು, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕೋಣವೆಂದು ನಾವು ಅವಸರಪಟ್ಟೆವು. "ತಡೆಯಿರಿ ಸಾರ್" ಎಂದು ಅವನು ಎಲ್‌ಎಸ್‌ಪಿಸಿಐ ಎಂದು ಬರೆದ. ಯಂತ್ರದೊಳಗೆ ಕಾಣುವ ಅಂಗಗಳ ಹಾಜರಿಪಟ್ಟಿ ಅದು. ಆಡಿಯೋ ಎಂಬ ಪದವಿದ್ದ ಒಂದು ಸಾಲೂ ಇರಲಿಲ್ಲ. ಹೆಸರಿದ್ದೂ ಸದ್ದಿಲ್ಲದಿದ್ದರೆ ಚಾಲಕವನ್ನು ಸಂಶಯಿಸಬೇಕು. ಹೆಸರೇ ಇಲ್ಲದಿದ್ದರೆ ಲಿನಕ್ಸನ್ನು ಬಯ್ದು ಫಲವಿಲ್ಲ. ಇಂದಿನ ಯಂತ್ರಗಳಲ್ಲಿ ಸೌಂಡ್ ಕಾರ್ಡು ಸಾಮಾನ್ಯವಾಗಿ ಬೇರೆ ಹಲಗೆಯಾಗಿರದೆ ಮುಖ್ಯ ಹಲಗೆಯಲ್ಲೇ ಬೆಸೆದಿರುವುದರಿಂದ, ಕಳಚಿ ಬಿದ್ದಿರುವ ಸಂಭವವೂ ಇಲ್ಲ. ಹಾಗಾದರೆ ಅದು ಸುಟ್ಟಿರಬೇಕು, ಇಲ್ಲವೇ ಯಾರೋ ಅದನ್ನು ಮುಚ್ಚಿರಬೇಕು.

ಯಂತ್ರವನ್ನು ಆರಿಸಿ, ಮತ್ತೆ ಹಚ್ಚುತ್ತಲೇ ಡಿಲೀಟ್ ಗುಂಡಿಯನ್ನು ಒತ್ತುತ್ತಾ ಹೋದ. ಬಯೋಸ್ ಎಂಬ ನೀಲಿ ಪುಟ ತೆರೆಯಿತು. ಲಿನಕ್ಸ್ ಏಳುವ ಮೊದಲೇ ಯಾವ ಅಂಗಕ್ಕೆ ಜೀವ ಕೊಡಬೇಕೆಂದು ನಿಶ್ಚಯವಾಗುವ ಸ್ಥಳ ಅದು. ಅಲ್ಲಿ ಆಡಿಯೋದ ಎದುರಿಗೆ 'ಡಿಸೇಬಲ್ಡ್' ಎಂದಿತ್ತು. "ಯಾರೋ ಬೇಕೆಂದೇ ಮಾಡಿದ್ದಾರೆ ಸಾರ್" ಎಂದ.

ಆಗ ನಮಗೆ ನೆನಪಾಯಿತು. ಆ ಕೋಣೆಯ ಪಕ್ಕದಲ್ಲೇ ನಮ್ಮ ತರಗತಿ. ಎರಡು ವರ್ಷಗಳ ಹಿಂದೆ ಮಧ್ಯಾಹ್ನದ ಮೇಲೆ ನಾವು ಪದ್ಯ ಹೇಳುವಾಗಲೆಲ್ಲ ಗೋಡೆಯಾಚೆಯಿಂದ ಮಲಯಾಳ ಚಿತ್ರಗೀತೆಗಳು ಕೇಳಿಬರುತ್ತಿದ್ದವು. ಪದ್ಯ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಆ ಯಂತ್ರದ ಬಾಯಿ ಕಟ್ಟಿಬಿಡಿ ಎಂದು ಅಂದಿನ ಅಧ್ಯಾಪಕರೊಡನೆ ಜಗಳವಾಡಿದವರು ನಾವೇ. ಅವರು ವರ್ಗವಾಗಿ ಹೋದರು. ಕಟ್ಟಿದ ಬಾಯಿ ಹಾಗೆಯೇ ಉಳಿಯಿತು. ಹುಡುಗನಿಗೆ ಇದನ್ನು ಅಂದೇ ಹೇಳಲು ನಮಗೆ ಧೈರ್ಯ ಬರಲಿಲ್ಲ. ಈಗ ಇಲ್ಲಿ ಓದಿ ತಿಳಿಯಲಿ.

'ಎನೇಬಲ್ಡ್' ಎಂದು ಬದಲಿಸಿ ಎಫ್10 ಒತ್ತಿ ಉಳಿಸಿದ. ಹಾಜರಿಪಟ್ಟಿಯಲ್ಲಿ ಹೆಸರು ಬಂತು, ಸದ್ದು ಮಾತ್ರ ಬರಲಿಲ್ಲ. ಅಲ್ಸಾಮಿಕ್ಸರನ್ನು ತೆರೆದಾಗ ಮುಖ್ಯ ಕಂಬದ ಕೆಳಗೆ 'ಎಂಎಂ' ಎಂದು ಎರಡಕ್ಷರ ಕಂಡವು. ಸದ್ದನ್ನು ಅಡಗಿಸಿದೆ ಎಂಬುದರ ಗುರುತು. ಎಂ ಗುಂಡಿಯನ್ನು ಒಮ್ಮೆ ಒತ್ತಿದ. ಮೊದಲು ಕ್ಯಾಸೆಟ್ಟಿನ ಸರಸರ, ಒಂದು ಕೆಮ್ಮು, ಆಮೇಲೆ ಅಜ್ಜನ ಕಂಠ.

ಮರುದಿನ ಬಾಲಿಕೆಯ ತಾಯಿ ಸ್ಪೀಕರಿನ ಹತ್ತಿರದ ಬೆಂಚಿನಲ್ಲೇ ಕುಳಿತು ಕೇಳಿದರು. ನಡುವೆ ಪಕ್ಕದ ತರಗತಿಯಿಂದ ಒಬ್ಬ ಪುಟ್ಟ ಹುಡುಗ ಬಂದು, "ಸದ್ದು ಸ್ವಲ್ಪ ಕಡಿಮೆ ಮಾಡಬೇಕಂತೆ, ಟೀಚರ್ ಹೇಳಿದರು" ಎಂದ. ನಾವು ಸ್ವಲ್ಪ ಕಡಿಮೆ ಮಾಡಿದೆವು.