ಮರದ ಹೊಗೆಬಂಡಿ

ಮಾಗಡಿ ಸೀಮೆಯ ಕೆಂಪಾಪುರಕ್ಕೆ ಹೊರಗಿನವರು ಹೋಗುವುದು ಕೆಂಪೇಗೌಡರ ಸಮಾಧಿಯನ್ನು ಕಾಣಲೆಂದು. 1569ರಲ್ಲಿ ತೀರಿಕೊಂಡ ನಾಡಪ್ರಭುವಿನ ಈ ಕಲ್ಲಿನ ಗುರುತು ನಾಡಿಗೆಲ್ಲ ತಿಳಿದುಬಂದುದು 2015ರಲ್ಲಿ. ಊರಿಗೆ ರೈಲು ನಿಲ್ದಾಣವಿಲ್ಲ. ರೈಲು ಬೇಕೆಂದು ಹಟ ಹಿಡಿಯುವ ಮಗು ಜೊತೆಯಲ್ಲಿದ್ದರೆ ದಕ್ಷಿಣಕ್ಕಿಳಿದು, ರಾಮನಗರವನ್ನು ದಾಟಿ, ಚನ್ನಪಟ್ಟಣಕ್ಕೆ ಬರಬೇಕು. ಅಲ್ಲಿನ ಅಂಗಡಿಗಳಲ್ಲಿ ರೈಲುಗಳು ಸಾಲಾಗಿ ನಿಂತಿರುತ್ತವೆ: ಕೆಂಪು ಎಂಜಿನ್, ಹಳದಿ ಡಬ್ಬಿ, ಹಸಿರು ಡಬ್ಬಿ, ಎಳೆಯಲೊಂದು ದಾರ.

ಪುಟ್ಟ ರೈಲುಗಳನ್ನು ಕಟ್ಟುವುದು ಪಶ್ಚಿಮ ದೇಶಗಳಲ್ಲಿ ದೊಡ್ಡವರ ಹವ್ಯಾಸ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯು 1891ರ ಲೈಪ್‌ಜಿಗ್ ಮೇಳದಲ್ಲಿ ಹಳಿಯ ಮೇಲೋಡುವ ಆಟದ ರೈಲನ್ನು ಪ್ರದರ್ಶಿಸಿ, ಹಳಿಯ ಅಗಲಕ್ಕೆ ಗೊತ್ತಾದ ಅಳತೆಗಳನ್ನು ತಂದಿತು. ಇಂದು ಬಹಳ ಬಳಕೆಯಲ್ಲಿರುವ ಪ್ರಮಾಣ 1:87. ಕಲಾಭಿರುಚಿಯುಳ್ಳ ಹವ್ಯಾಸಿಯು ದಿನದ ದುಡಿಮೆ ಮುಗಿಸಿ ದೀಪದಡಿ ಕುಳಿತು ಬೆಟ್ಟ, ಸುರಂಗ, ನಿಲ್ದಾಣಗಳನ್ನು ನಿರ್ಮಿಸುತ್ತಾನೆ. ಹೊಚ್ಚ ಹೊಸ ಡಬ್ಬಿಗೆ ಬೇಕೆಂದೇ ತುಕ್ಕಿನ, ಧೂಳಿನ, ಮಳೆನೀರಿನ ಕಲೆಗಳನ್ನು ಬಳಿಯುತ್ತಾನೆ. ನಿಜದ ರೈಲನ್ನು ಬಲ್ಲವನೂ ಒಂದು ಕ್ಷಣ ಮೋಸಹೋಗಬೇಕೆಂಬುದು ಅವನ ಆಸೆ.

ಚನ್ನಪಟ್ಟಣದ ಕುಶಲಕರ್ಮಿಗೆ ಈ ಅಳತೆಯ ಹಂಗಿಲ್ಲ. ಅವನ ಬಂಡಿಯ ರೂಪವನ್ನು ಗೊತ್ತುಮಾಡುವುದು ಲೇತ್ ಯಂತ್ರ. ಆಲೆಮರದ ಮೆತ್ತನೆಯ ತುಂಡು ಗಿರ್ರನೆ ತಿರುಗುತ್ತಿರುವಾಗ ಉಳಿಯನ್ನು ತಾಗಿಸಿದರೆ ದುಂಡಗಿನದೇ ಹುಟ್ಟಬೇಕು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರವನ್ನು ಅಂಟುತ್ತದೆ. ಮೇಲೆ ತಾಳೆಗರಿಯಿಂದ ತಿಕ್ಕಿದರೆ ಕನ್ನಡಿಯ ಹೊಳಪು.

ಉಗಿಯ ಎಂಜಿನ್ನಿನ ಅಂಗಗಳನ್ನು ಒಮ್ಮೆ ನೆನೆದುಕೊಳ್ಳಿ. ಬಾಯ್ಲರು ದುಂಡು, ಹೊಗೆಕೊಳವೆ ದುಂಡು, ಗಾಲಿಗಳು ದುಂಡು. ಲೇತ್ ಯಂತ್ರಕ್ಕೆ ಇದಕ್ಕಿಂತ ಒಪ್ಪುವ ವಾಹನ ಬೇರೊಂದಿರಲಾರದು. ಪೆಟ್ಟಿಗೆಯಂತಿರುವ ಇಂದಿನ ಎಂಜಿನ್ನಿಗೆ ಈ ಕೈಚಳಕದಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ.

ಆ ಉಗಿಬಂಡಿ ಈ ಊರಿನ ನೆರೆಯಲ್ಲೇ ಓಡಿದ್ದುಂಟು. ಬೆಂಗಳೂರು–ಮೈಸೂರು ಮೀಟರ್‌ಗೇಜ್ ಮಾರ್ಗವು 1882ರಲ್ಲಿ ಪೂರ್ಣಗೊಂಡು, ಚನ್ನಪಟ್ಟಣವನ್ನು ಹಾದು ಸಾಗಿತು. 1990ರ ದಶಕದಲ್ಲಿ ಅದು ಬ್ರಾಡ್‌ಗೇಜ್ ಆಯಿತು. ಈಗ ಜೋಡಿ ಹಳಿಗಳ ಮೇಲೆ ವಿದ್ಯುತ್ ಎಂಜಿನ್ನುಗಳು ಸಂಚರಿಸುತ್ತವೆ. ಹಳೆಯ ಎಂಜಿನ್ನುಗಳನ್ನು ಕಾಣಬೇಕಾದರೆ 1979ರಲ್ಲಿ ಸ್ಥಾಪಿತವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಹಳಿಯಿಂದ ಹೊಗೆ ಮಾಯವಾದರೂ ಮರದ ಬಂಡಿಯ ತಲೆಯ ಮೇಲಿನ ಹೊಗೆಕೊಳವೆ ಹಾಗೆಯೇ ಉಳಿದಿದೆ. ಉಗಿಬಂಡಿಯನ್ನು ಕಣ್ಣಾರೆ ಕಾಣದ ಮಗುವೂ ಅದನ್ನು ಕೈಗೆ ಕೊಟ್ಟೊಡನೆ 'ಕೂ' ಎನ್ನುತ್ತದೆ!

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಲಾಗದು. ಹವ್ಯಾಸಿಯ ಕೈ ತಪ್ಪಿದರೆ ಒಂದು ಸಂಜೆ ವ್ಯರ್ಥ. ಕುಶಲಕರ್ಮಿಯ ಕೈ ತಪ್ಪಿದರೆ ಮರವೂ ಹೋಯಿತು, ಕೂಲಿಯೂ ಹೋಯಿತು. ಅಚ್ಚಿನಿಂದ ಕ್ಷಣಕ್ಕೊಂದರಂತೆ ಉದುರುವ ಪ್ಲಾಸ್ಟಿಕ್ ಆಟಿಕೆಯೊಡನೆ ಅವನು ಬೆಲೆಯಲ್ಲಿ ಸ್ಪರ್ಧಿಸಬೇಕು. ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರುವುದು ಸಂತೋಷದ ಸಂಗತಿಯೇ. ಆದರೆ ಮನ್ನಣೆಯು ಹೆಸರನ್ನು ಕಾಯಬಲ್ಲುದು. ತಂದೆಯ ಪಕ್ಕದಲ್ಲಿ ಮಗನು ಉಳಿ ಹಿಡಿದು ಕೂರಬೇಕಾದರೆ ಆ ದುಡಿಮೆಯಿಂದ ಸಂಸಾರ ಸಾಗಬೇಕು.

ಮುಂದಿನ ಸಲ ಮೈಸೂರಿನ ದಾರಿಯಲ್ಲಿ ಚನ್ನಪಟ್ಟಣದಲ್ಲಿಳಿದಾಗ, ಓದುಗರೇ, ಬಂಡಿಯ ಬೆಲೆಯನ್ನು ಚೌಕಾಸಿ ಮಾಡುವ ಮೊದಲು ಅದರ ಹೊಗೆಕೊಳವೆಯ ಮೇಲೊಮ್ಮೆ ಬೆರಳಾಡಿಸಿ ನೋಡಿ. ಎಲ್ಲಿಯೂ ಒಂದು ಗೀರು ತಾಗದು.